ಒಂದೇ ಡಿಸ್ಕ್, ಮೂರು ಸರ್ವರ್: ಬೇಲಿ ಹಾಕದೆ ಹಂಚಬೇಡಿ

ಪ್ರಶ್ನೆ: ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಸ್ಟಂ ಅಡ್ಮಿನ್ ಆಗಿದ್ದೇನೆ. ಮೂರು ಸರ್ವರ್‌ಗಳಿವೆ, ಎಲ್ಲದರಲ್ಲೂ ಆಲ್ಮಾಲಿನಕ್ಸ್ 9. ಈಚೆಗೆ 10 ಟಿಬಿಯ ಐಸ್ಕಸಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಕೊಡುವ) ಸ್ಟೋರೇಜ್ ಬಾಕ್ಸ್ ಕೊಂಡೆವು. ಅದರ ಲನ್ (ಬಾಕ್ಸ್ ಹಂಚಿಕೊಡುವ ಡಿಸ್ಕ್ ತುಂಡು) ಒಂದನ್ನು ಇಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿ ಎರಡು ಸರ್ವರ್‌ಗಳಲ್ಲಿ ಮೌಂಟ್ ಮಾಡಿದೆ. ಒಂದರಲ್ಲಿ ಇಟ್ಟ ಫೈಲು ಇನ್ನೊಂದರಲ್ಲಿ ಕಾಣಿಸಲಿಲ್ಲ. ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದರೆ ಕಾಣುತ್ತಿತ್ತು. ನಾಲ್ಕನೇ ದಿನಕ್ಕೆ ‘ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್’ ಎಂಬ ಎರರ್ ಶುರುವಾಯಿತು, ಕೆಲವು ಫೋಲ್ಡರ್ ತೆರೆಯುತ್ತಲೇ ಇಲ್ಲ. ಮೂಡಲ್ (ಆನ್‌ಲೈನ್ ಪಾಠದ ತಂತ್ರಾಂಶ) ಮತ್ತು ವಿದ್ಯಾರ್ಥಿಗಳ ಹೋಮ್ ಡೈರೆಕ್ಟರಿ ಮೂರೂ ಸರ್ವರ್‌ಗಳಿಗೆ ಒಂದೇ ಜಾಗದಲ್ಲಿ ಸಿಗಬೇಕು. ಸರಿಯಾದ ದಾರಿ ಯಾವುದು?

ಉತ್ತರ: ಉತ್ತರ ಓದುವುದಕ್ಕೂ ಮೊದಲು ಎರಡೂ ಸರ್ವರ್‌ಗಳಲ್ಲಿ ಆ ಲನ್ ಅನ್ನು ಅನ್‌ಮೌಂಟ್ ಮಾಡಿ, ಬೂಟ್ ಆಗುವಾಗ ಮೌಂಟ್ ಮಾಡುವ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಿಂದ ಆ ಸಾಲು ತೆಗೆದುಹಾಕಿ. ರೀಬೂಟ್ ಆದಾಗ ಅದು ತಾನಾಗಿ ಮತ್ತೆ ಮೌಂಟ್ ಆದರೆ ಉಳಿದಿರುವುದೂ ಹೋಗುತ್ತದೆ. ಆಮೇಲೆ ಸ್ಟೋರೇಜ್ ಬಾಕ್ಸ್‌ನಲ್ಲೇ ಆ ಲನ್‌ನ ಸ್ನ್ಯಾಪ್‌ಶಾಟ್ ಅಥವಾ ಪೂರ್ತಿ ನಕಲು ತೆಗೆಯಿರಿ. ನಕಲು ಕೈಯಲ್ಲಿ ಇಲ್ಲದೆ ಫೈಲ್ ಸಿಸ್ಟಂ ರಿಪೇರಿಯ ಇ2ಎಫ್‌ಎಸ್‌ಸಿಕೆ ಓಡಿಸಬೇಡಿ. ಮೊದಲ ಸಲ ‘ಎನ್’ ಆಯ್ಕೆಯೊಂದಿಗೆ ಓಡಿಸಿ. ಅದು ಏನನ್ನೂ ಬರೆಯದೆ ಏನೇನು ಹಾಳಾಗಿದೆ ಎಂದಷ್ಟೇ ಹೇಳುತ್ತದೆ. ಪಟ್ಟಿ ನೋಡಿದ ಮೇಲೆ ‘ಎಫ್’ ಆಯ್ಕೆಯಲ್ಲಿ ರಿಪೇರಿ, ಅದೂ ಒಂದೇ ಸರ್ವರ್‌ನಿಂದ. ಹೆಸರು ಕಳೆದುಕೊಂಡ ಫೈಲುಗಳು ‘ಲಾಸ್ಟ್+ಫೌಂಡ್’ ಫೋಲ್ಡರ್‌ನಲ್ಲಿ ಬರೀ ಸಂಖ್ಯೆಗಳಾಗಿ ಸಿಗುತ್ತವೆ. ಆ ನಾಲ್ಕು ದಿನಗಳಲ್ಲಿ ಬರೆದದ್ದನ್ನೆಲ್ಲ ಅನುಮಾನದಿಂದಲೇ ನೋಡಿ: ಫೈಲು ತೆರೆದುಕೊಂಡಿತು ಎಂದಮಾತ್ರಕ್ಕೆ ಒಳಗಿರುವುದು ಸರಿಯಿದೆ ಎಂದಲ್ಲ.

ಆದದ್ದೇನು? ದಲ್ಲಾಳಿ ಮಂಡಿಯೊಂದರಲ್ಲಿ ಒಂದೇ ಖಾತೆ ಪುಸ್ತಕಕ್ಕೆ ಇಬ್ಬರು ಗುಮಾಸ್ತರು ಎಂದುಕೊಳ್ಳಿ. ಇಬ್ಬರೂ ಬೆಳಿಗ್ಗೆ ಬಂದವರೇ ಪುಸ್ತಕದ ಜೆರಾಕ್ಸ್ ತೆಗೆದುಕೊಂಡು ತಂತಮ್ಮ ಮೇಜಿಗೆ ಹೋಗುತ್ತಾರೆ, ದಿನವಿಡೀ ಜೆರಾಕ್ಸ್ ನೋಡಿಕೊಂಡೇ ‘ಇಂಥ ಪುಟ ಖಾಲಿ ಇದೆ’ ಎಂದು ಮೂಲ ಪುಸ್ತಕದಲ್ಲಿ ಬರೆಯುತ್ತಾರೆ. ಒಬ್ಬ ಮೆಕ್ಕೆಜೋಳದ ಲೆಕ್ಕ ಬರೆದ ಪುಟದ ಮೇಲೆಯೇ ಇನ್ನೊಬ್ಬ ಹತ್ತಿಯ ಲೆಕ್ಕ ಬರೆಯುತ್ತಾನೆ. ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್ ಎರಡೂ ಹೀಗೇ. ಡಿಸ್ಕ್‌ಗೆ ನಾನೊಬ್ಬನೇ ಯಜಮಾನ ಎಂದುಕೊಂಡು, ಯಾವ ಬ್ಲಾಕ್ ಖಾಲಿ, ಯಾವ ಫೋಲ್ಡರ್‌ನಲ್ಲಿ ಏನಿದೆ ಎಂಬುದನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತವೆ. ಪಕ್ಕದ ಸರ್ವರ್ ಬರೆದದ್ದು ಅವಕ್ಕೆ ಗೊತ್ತಾಗುವುದಿಲ್ಲ. ರೀಮೌಂಟ್ ಮಾಡಿದಾಗ ಕಂಡದ್ದು ಅದಕ್ಕೇ, ಆಗ ಹೊಸ ಜೆರಾಕ್ಸ್ ಸಿಕ್ಕಿತು.

ಸ್ಟೋರೇಜ್ ಬಾಕ್ಸ್ ಇದನ್ನು ತಡೆಯಲಿಲ್ಲವೇ ಎಂದು ಕೇಳಬಹುದು. ತಡೆಯುವುದು ಅದರ ಕೆಲಸವಲ್ಲ. ಹಲವು ಬಾಕ್ಸ್‌ಗಳಲ್ಲಿ ‘ಒಂದಕ್ಕಿಂತ ಹೆಚ್ಚು ಸೆಷನ್‌ಗೆ ಅನುಮತಿ’ ಎಂಬ ಟಿಕ್ ಇರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಕ್ಲಸ್ಟರ್ ಫೈಲ್ ಸಿಸ್ಟಂ (ಹಲವು ಸರ್ವರ್ ಒಟ್ಟಿಗೆ ಬರೆಯಲು ಬಿಡುವಂಥದು) ಇದ್ದರೆ ಮಾತ್ರ ಎಂದೂ ಬರೆದಿರುತ್ತದೆ. ಟಿಕ್ ಹಾಕುವಾಗ ಆ ಸಾಲನ್ನು ಯಾರೂ ಓದುವುದಿಲ್ಲ.

ನಿಜಕ್ಕೂ ಮೂವರೂ ಬರೆಯಬೇಕೇ?

ನಿಮ್ಮ ಕೆಲಸಕ್ಕೆ ನನ್ನ ಮೊದಲ ಸಲಹೆ ಕ್ಲಸ್ಟರ್ ಫೈಲ್ ಸಿಸ್ಟಂ ಅಲ್ಲ, ಎನ್‌ಎಫ್‌ಎಸ್, ಅಂದರೆ ಒಂದು ಸರ್ವರ್ ತನ್ನ ಫೈಲುಗಳನ್ನು ಉಳಿದವಕ್ಕೆ ನೆಟ್‌ವರ್ಕ್‌ನಲ್ಲಿ ಹಂಚುವ ರೀತಿ. ಹೋಮ್ ಡೈರೆಕ್ಟರಿ ಮತ್ತು ಮೂಡಲ್ ಫೈಲುಗಳಿಗೆ ಒಂದು ಸರ್ವರ್ ಲನ್ ಅನ್ನು ಎಕ್ಸ್‌ಎಫ್‌ಎಸ್‌ನಲ್ಲಿ ಮೌಂಟ್ ಮಾಡಿ ಎನ್‌ಎಫ್‌ಎಸ್ 4ರಲ್ಲಿ ಹಂಚಲಿ, ಉಳಿದವು ಕ್ಲೈಂಟ್ ಆಗಿರಲಿ. ಪೋರ್ಟ್ 2049 ಒಂದನ್ನು ತೆರೆದರೆ ಸಾಕು. ಆ ಸರ್ವರ್ ಬಿದ್ದರೆ ಪೇಸ್‌ಮೇಕರ್ ಎಂಬ ಕ್ಲಸ್ಟರ್ ಮೇಲ್ವಿಚಾರಕ ತಂತ್ರಾಂಶ ಲನ್, ಐಪಿ ವಿಳಾಸ, ಎನ್‌ಎಫ್‌ಎಸ್ ಸೇವೆ ಮೂರನ್ನೂ ಒಟ್ಟಿಗೆ ಇನ್ನೊಂದಕ್ಕೆ ಒಯ್ಯುತ್ತದೆ. ಕ್ಲೈಂಟ್‌ಗಳು ಸ್ವಲ್ಪ ಹೊತ್ತು ಸ್ತಬ್ಧವಾಗಿ ನಿಂತು ಮತ್ತೆ ನಡೆಯುತ್ತವೆ. ಹಳೆಯ ಲಾಕ್‌ಗಳನ್ನು ವಾಪಸ್ ಪಡೆಯಲು ಎನ್‌ಎಫ್‌ಎಸ್ ಕೊಡುವ ಅವಧಿ ಡೀಫಾಲ್ಟ್ ಆಗಿ 90 ಸೆಕೆಂಡು, ಹಾಗಾಗಿ ‘ಹ್ಯಾಂಗ್ ಆಯ್ತು’ ಎಂದು ಗಾಬರಿಯಾಗಿ ರೀಬೂಟ್ ಒತ್ತಬೇಡಿ. ಇಂಟರ್ನಲ್ಸ್ ದಿನ ಒಂದೂವರೆ ನಿಮಿಷ ಕಾಯುವುದು ಸಹ್ಯವಾದರೆ ಇದಕ್ಕಿಂತ ನೆಮ್ಮದಿಯ ವ್ಯವಸ್ಥೆ ಇಲ್ಲ.

ಈ ದಾರಿ ಹಿಡಿದು ಎಕ್ಸ್‌ಎಫ್‌ಎಸ್ ಬದಲು ಇಎಕ್ಸ್‌ಟಿ4 ಉಳಿಸಿಕೊಂಡರೆ ಒಂದು ಲಾಭವಿದೆ: ಅದಕ್ಕೆ ಎಂಎಂಪಿ ಎಂಬ ಕಾವಲು ಹಾಕಬಹುದು. ಫೈಲ್ ಸಿಸ್ಟಂ ಅನ್‌ಮೌಂಟ್ ಆಗಿರುವಾಗ ಟ್ಯೂನ್2ಎಫ್‌ಎಸ್‌ನಲ್ಲಿ ದೊಡ್ಡಕ್ಷರದ ‘ಓ’ ಆಯ್ಕೆಗೆ ಎಂಎಂಪಿ ಎಂದು ಕೊಟ್ಟರೆ ಮುಗಿಯಿತು. ಮೌಂಟ್ ಆಗಿರುವ ಸರ್ವರ್ ಕೆಲವು ಸೆಕೆಂಡಿಗೊಮ್ಮೆ ಡಿಸ್ಕ್‌ನ ಒಂದು ಬ್ಲಾಕ್‌ನಲ್ಲಿ ಗುರುತು ಹಾಕುತ್ತಿರುತ್ತದೆ. ಇನ್ನೊಂದು ಸರ್ವರ್ ಮೌಂಟ್ ಮಾಡಹೊರಟರೆ ಆ ಗುರುತು ನೋಡಿ ಹಿಂದೆ ಸರಿಯುತ್ತದೆ. ಇದು ಮೊದಲೇ ಇದ್ದಿದ್ದರೆ ನಿಮ್ಮ ನಾಲ್ಕು ದಿನ ಉಳಿಯುತ್ತಿತ್ತು. ಎಕ್ಸ್‌ಎಫ್‌ಎಸ್‌ಗೆ ಇಂಥ ಕಾವಲಿಲ್ಲ.

ಮೂರೂ ಸರ್ವರ್ ನೇರವಾಗಿ ಲನ್ ಮೇಲೆ ಬರೆಯಲೇಬೇಕು, ನಡುವೆ ಇನ್ನೊಬ್ಬರು ಬೇಡ ಎಂದಾದರೆ ಲಿನಕ್ಸ್‌ನಲ್ಲಿ ಎರಡು ಹೆಸರುಗಳಿವೆ. ಒರಾಕಲ್‌ನ ಓಸಿಎಫ್‌ಎಸ್2 ಮತ್ತು ರೆಡ್‌ಹ್ಯಾಟ್ ಬೆಳೆಸಿದ ಜಿಎಫ್‌ಎಸ್2. ಎರಡೂ 2006ರಲ್ಲಿ ಕರ್ನೆಲ್‌ಗೆ ಸೇರಿದವು. ಆಲ್ಮಾ 9ರಲ್ಲಿ ಜಿಎಫ್‌ಎಸ್2 ಸಿದ್ಧವಾಗಿ ಸಿಗುತ್ತದೆ, ಅದನ್ನೇ ವಿವರಿಸುತ್ತೇನೆ. ಒಂದು ಮಾತು ಮುಂಚೆಯೇ ತಿಳಿದಿರಲಿ: ಜಿಎಫ್‌ಎಸ್2 ಇದ್ದ ರೆಸಿಲಿಯೆಂಟ್ ಸ್ಟೋರೇಜ್ ಆಡ್-ಆನ್ ಅನ್ನು ರೆಡ್‌ಹ್ಯಾಟ್ ತನ್ನ 10ನೇ ಆವೃತ್ತಿಯಿಂದ ಕೈಬಿಟ್ಟಿದೆ. ಅಂದರೆ ಈಗ ಕಟ್ಟುವುದು 9ರ ಆಯಸ್ಸು ಇರುವವರೆಗೆ ಮಾತ್ರ. ಎನ್‌ಎಫ್‌ಎಸ್ ಕಡೆಗೆ ನನ್ನ ಮನಸ್ಸು ವಾಲುವುದಕ್ಕೆ ಇದೂ ಒಂದು ಕಾರಣ.

ಬೇಲಿ ಮೊದಲು

ಈ ಇಡೀ ವ್ಯವಸ್ಥೆಯಲ್ಲಿ ಜನ ಹಗುರವಾಗಿ ತೆಗೆದುಕೊಳ್ಳುವುದು ಫೆನ್ಸಿಂಗ್ ಅನ್ನು, ಅಂದರೆ ಕೈಮೀರಿದ ಸರ್ವರ್ ಅನ್ನು ಡಿಸ್ಕ್‌ನಿಂದ ದೂರವಿಡುವ ಬೇಲಿಯನ್ನು. ಫೈಲ್ ಸಿಸ್ಟಂ ಫಾರ್ಮ್ಯಾಟ್ ಮಾಡುವುದು ಒಂದು ಸಾಲಿನ ಕೆಲಸ, ಫೆನ್ಸಿಂಗ್ ಸರಿಹೋಗಲು ಎರಡು ದಿನ ಬೇಕು. ಆ ಎರಡು ದಿನ ಉಳಿಸಲು ಹೋದವರೇ ಡೇಟಾ ಕಳೆದುಕೊಳ್ಳುವುದು.

ಯಾಕೆ ಬೇಕು ಎಂದರೆ: ಮೂರನೇ ಸರ್ವರ್‌ನಿಂದ ಉಸಿರಿಲ್ಲ, ಅಂದರೆ ‘ಬದುಕಿದ್ದೇನೆ’ ಎಂಬ ಪ್ಯಾಕೆಟ್ ಬರುತ್ತಿಲ್ಲ. ಸತ್ತಿದೆಯೋ, ನೆಟ್‌ವರ್ಕ್ ಕೇಬಲ್ ಕಿತ್ತಿದೆಯೋ, ಬರೀ ತೂಕಡಿಸುತ್ತಿದೆಯೋ ಉಳಿದೆರಡಕ್ಕೆ ಹೊರಗಿನಿಂದ ತಿಳಿಯುವುದಿಲ್ಲ. ಸತ್ತಿದೆ ಎಂದುಕೊಂಡು ಅದರ ಲಾಕ್‌ಗಳನ್ನು ಕಿತ್ತುಕೊಂಡು ಇವು ಬರೆಯತೊಡಗಿದವು ಎನ್ನಿ. ತೂಕಡಿಸುತ್ತಿದ್ದದ್ದು ಅರ್ಧ ನಿಮಿಷದ ಮೇಲೆ ಎಚ್ಚೆತ್ತು ಮೆಮೊರಿಯಲ್ಲಿದ್ದ ಹಳೆಯದನ್ನು ಡಿಸ್ಕ್‌ಗೆ ಇಳಿಸುತ್ತದೆ. ಅಲ್ಲಿಗೆ ಮತ್ತೆ ಇಎಕ್ಸ್‌ಟಿ4 ಕಥೆಯೇ. ಆದ್ದರಿಂದ ಅನುಮಾನ ಬಂದ ಸರ್ವರ್‌ನ ಕರೆಂಟ್ ಅಥವಾ ಡಿಸ್ಕ್ ದಾರಿ ಕಡಿದು, ಕಡಿದದ್ದು ಖಾತ್ರಿಯಾದ ಮೇಲೆಯೇ ಉಳಿದವು ಮುಂದುವರಿಯುತ್ತವೆ. ಖಾತ್ರಿಯಾಗುವವರೆಗೆ ಜಿಎಫ್‌ಎಸ್2 ಎಲ್ಲ ಕಡೆ ಸ್ತಬ್ಧ. ‘ಎಲ್‌ಎಸ್ ಕೊಟ್ಟರೆ ಉತ್ತರವೇ ಬರುತ್ತಿಲ್ಲ’ ಎಂಬ ದೂರಿನ ಹಿಂದೆ ಬಹುತೇಕ ಇರುವುದು ಇದೇ, ಫೆನ್ಸಿಂಗ್ ಸೋತಿರುತ್ತದೆ.

ನಿಮ್ಮ ಸರ್ವರ್‌ಗಳಲ್ಲಿ ಐಡ್ರ್ಯಾಕ್, ಐಎಲ್‌ಓ ಅಥವಾ ಅಂಥದೇ ಬಿಎಂಸಿ, ಅಂದರೆ ದೂರದಿಂದಲೇ ಸರ್ವರ್ ಆನ್-ಆಫ್ ಮಾಡುವ ಪುಟ್ಟ ಚಿಪ್ ಇರುತ್ತದೆ. ಅದರಲ್ಲಿ ನೆಟ್‌ವರ್ಕ್‌ನಿಂದ ಆಜ್ಞೆ ಕೇಳುವ ‘ಐಪಿಎಂಐ ಓವರ್ ಲ್ಯಾನ್’ ಆಫ್ ಆಗಿರುವುದುಂಟು, ಆನ್ ಮಾಡಿ. ಫೆನ್ಸಿಂಗ್‌ಗೆಂದೇ ಬೇರೆ ಬಳಕೆದಾರನನ್ನು ಮಾಡಿ ಆಪರೇಟರ್ ಹಕ್ಕು ಕೊಡಿ. ಬಿಎಂಸಿಗೆ ಪ್ರತ್ಯೇಕ ಪೋರ್ಟ್ ಇದ್ದರೆ ಅದಕ್ಕೇ ಕೇಬಲ್ ಹಾಕಿ. ಮೊದಲ ನೆಟ್‌ವರ್ಕ್ ಕಾರ್ಡನ್ನೇ ಹಂಚಿಕೊಳ್ಳುವಂತೆ ಬಿಟ್ಟರೆ, ಒಂದು ಕೇಬಲ್ ಕಿತ್ತಾಗ ಸರ್ವರ್ ಉಸಿರು, ಅದನ್ನು ಕೊಲ್ಲುವ ದಾರಿ ಎರಡೂ ಒಟ್ಟಿಗೆ ಹೋಗುತ್ತವೆ. ಫೆನ್ಸ್ ಏಜೆಂಟ್ (ಕಡಿಯುವ ಆಜ್ಞೆ ಕೊಡುವ ಸ್ಕ್ರಿಪ್ಟ್) ಹೆಸರು ಫೆನ್ಸ್-ಐಪಿಎಂಐಲ್ಯಾನ್, ಜೊತೆಗೆ ಲ್ಯಾನ್‌ಪ್ಲಸ್ ಆಯ್ಕೆ 1. ಪವರ್ ಬಟನ್ ಒತ್ತಿದರೆ ನಿಧಾನವಾಗಿ ಶಟ್‌ಡೌನ್ ಆಗುವ ಅಭ್ಯಾಸವನ್ನೂ ತಪ್ಪಿಸಬೇಕು: ಲಾಗಿನ್‌ಡಿ ಕಾನ್ಫಿಗ್‌ನಲ್ಲಿ ‘ಹ್ಯಾಂಡಲ್‌ಪವರ್‌ಕೀ’ ಎಂಬುದಕ್ಕೆ ‘ಇಗ್ನೋರ್’ ಕೊಡಿ. ಇಲ್ಲದಿದ್ದರೆ ಕೊಲ್ಲಬೇಕಾದ ಸರ್ವರ್ ಶಾಂತವಾಗಿ ಸೇವೆಗಳನ್ನು ಮುಚ್ಚುತ್ತ ಕೂರುತ್ತದೆ.

ಐಪಿಎಂಐಗೆ ಒಂದು ದೊಡ್ಡ ದೌರ್ಬಲ್ಯವಿದೆ, ನಮ್ಮ ಕಡೆಯ ಬೇಸಿಗೆಯ ಕರೆಂಟಿಗೆ ಅದು ಚೆನ್ನಾಗಿ ಹೊಂದುತ್ತದೆ. ಒಂದು ಸರ್ವರ್‌ನ ಪ್ಲಗ್ ಪೂರ್ತಿ ಹೋದರೆ ಬಿಎಂಸಿಯೂ ಸಾಯುತ್ತದೆ. ಉಳಿದವು ‘ಆಫ್ ಆಗು’ ಎಂದು ಕೂಗುತ್ತಲೇ ಇರುತ್ತವೆ, ಓಗೊಡುವವರಿಲ್ಲ. ನಿಜವಾಗಿ ಸತ್ತ ಸರ್ವರ್ ಅನ್ನು ಸತ್ತಿದೆ ಎಂದು ಸಾಬೀತು ಮಾಡಲಾಗದೆ ಇಡೀ ಕ್ಲಸ್ಟರ್ ನಿಂತುಬಿಡುತ್ತದೆ. ಹಾಗಾಗಿ ಎರಡನೇ ಹಂತದ ಬೇಲಿ ಬೇಕು. ನಿಮ್ಮಲ್ಲಿ ಹಂಚಿಕೆಯ ಲನ್ ಇರುವುದರಿಂದ ಫೆನ್ಸ್-ಸ್ಕಸಿ ಸುಲಭ: ಪ್ರತಿ ಸರ್ವರ್ ಲನ್ ಮೇಲೆ ತನ್ನ ಕೀಲಿಯನ್ನು ನೋಂದಾಯಿಸುತ್ತದೆ, ತಪ್ಪಿತಸ್ಥನ ಕೀಲಿಯನ್ನು ಉಳಿದವು ಕಿತ್ತುಹಾಕುತ್ತವೆ, ಆಮೇಲೆ ಅವನ ಬರಹವನ್ನು ಸ್ಟೋರೇಜ್ ಬಾಕ್ಸೇ ತಿರಸ್ಕರಿಸುತ್ತದೆ. ಇದಕ್ಕೆ ಬಾಕ್ಸ್‌ನಲ್ಲಿ ಸ್ಕಸಿ-3 ಪರ್ಸಿಸ್ಟೆಂಟ್ ರಿಸರ್ವೇಶನ್ ಇರಬೇಕು. ಎಸ್‌ಜಿ3 ಯುಟಿಲ್ಸ್ ಪ್ಯಾಕೇಜಿನ ಎಸ್‌ಜಿ-ಪರ್ಸಿಸ್ಟ್‌ನಿಂದ ಪರೀಕ್ಷಿಸಿ. ಅಗ್ಗದ ಬಾಕ್ಸ್‌ಗಳಲ್ಲಿ ಕೆಲವು ಇಲ್ಲೇ ಕೈಕೊಡುತ್ತವೆ. ಏಜೆಂಟ್ ಸೇರಿಸುವಾಗ ಮೆಟಾ ಭಾಗದಲ್ಲಿ ‘ಪ್ರೊವೈಡ್ಸ್’ಗೆ ‘ಅನ್‌ಫೆನ್ಸಿಂಗ್’ ಎಂದು ಕೊಡಲು ಮರೆಯಬೇಡಿ, ಇಲ್ಲದಿದ್ದರೆ ಸರ್ವರ್‌ಗಳು ಕೀಲಿ ನೋಂದಾಯಿಸುವುದೇ ಇಲ್ಲ. ಮಲ್ಟಿಪಾತ್ (ಒಂದೇ ಲನ್‌ಗೆ ಒಂದಕ್ಕಿಂತ ಹೆಚ್ಚು ದಾರಿ) ಮೂಲಕ ಹೋಗುವವರು ಫೆನ್ಸ್-ಎಂಪಾತ್ ಅನ್ನೂ ನೋಡಬಹುದು. ಪೇಸ್‌ಮೇಕರ್‌ಗೆ ಅಪ್ಪಣೆ ಕೊಡುವ ಸಾಧನ ಪಿಸಿಎಸ್, ಫೆನ್ಸಿಂಗ್‌ಗೆ ಅದರಲ್ಲಿ ಸ್ಟೋನಿತ್ ಎಂದು ಹೆಸರು. ಪಿಸಿಎಸ್ ಸ್ಟೋನಿತ್ ಲೆವೆಲ್ ಆಜ್ಞೆಯಲ್ಲಿ ಐಪಿಎಂಐ 1ನೇ ಹಂತ, ಸ್ಕಸಿ 2ನೇ ಹಂತ ಎಂದು ಜೋಡಿಸಿ.

ಫೆನ್ಸ್-ಸ್ಕಸಿ ಡಿಸ್ಕ್ ದಾರಿಯನ್ನು ಮಾತ್ರ ಕಡಿಯುತ್ತದೆ, ಸರ್ವರ್ ರೀಬೂಟ್ ಆಗುವುದಿಲ್ಲ. ಅದನ್ನು ಎಬ್ಬಿಸಲು ಕೈಯಿಂದ ರೀಬೂಟ್ ಮಾಡಬೇಕು, ಅಥವಾ ಏಜೆಂಟ್ ಜೊತೆ ಬರುವ ವಾಚ್‌ಡಾಗ್ ಸ್ಕ್ರಿಪ್ಟ್ ಅನ್ನು ಮೊದಲೇ ಹಾಕಿಟ್ಟಿರಬೇಕು.

ನೆಟ್‌ವರ್ಕ್ ಮತ್ತು ಐಸ್ಕಸಿ

ಕ್ಲಸ್ಟರ್ ಮಾತುಕತೆಗೂ ಐಸ್ಕಸಿಗೂ ಬೇರೆ ಬೇರೆ ವಿಎಲ್ಯಾನ್ ಇಡಿ, ಸಾಧ್ಯವಾದರೆ ಬೇರೆ ಕಾರ್ಡ್. ಉದಾಹರಣೆಗೆ ಕ್ಲಸ್ಟರ್‌ಗೆ 10.10.10.11ರಿಂದ 13, ಸ್ಟೋರೇಜ್‌ಗೆ 10.10.20.11ರಿಂದ 13. ಒಂದೇ ಕಾರ್ಡಿನಲ್ಲಿ ಎರಡೂ ಹೋದರೆ, ಬ್ಯಾಕಪ್ ಓಡುವ ರಾತ್ರಿ ಐಸ್ಕಸಿ ದಾರಿ ತುಂಬಿ ಉಸಿರಿನ ಪ್ಯಾಕೆಟ್ ತಡವಾಗುತ್ತದೆ, ಗಟ್ಟಿಮುಟ್ಟಾದ ಸರ್ವರ್‌ಗೆ ಸಾವಿನ ತೀರ್ಪು ಬೀಳುತ್ತದೆ. ಈ ಉಸಿರಿನ ಮಾತುಕತೆ ನಡೆಸುವ ಕೊರೋಸಿಂಕ್‌ನ ಹೊಸ ಆವೃತ್ತಿಯಲ್ಲಿ ಟೋಕನ್ ಕಾಲಮಿತಿ (ಉಸಿರಿಗೆ ಕಾಯುವ ಹೊತ್ತು) ಡೀಫಾಲ್ಟ್ 3000 ಮಿಲಿಸೆಕೆಂಡು, ಎರಡಕ್ಕಿಂತ ಹೆಚ್ಚಿನ ಪ್ರತಿ ನೋಡ್‌ಗೆ (ಸರ್ವರ್‌ಗೆ) 650 ಸೇರುತ್ತದೆ. ನಿಮ್ಮ ಮೂರಕ್ಕೆ 3650. ಇದನ್ನು 10,000ಕ್ಕೆ ಏರಿಸಿ ನೆಟ್‌ವರ್ಕ್ ದೋಷ ಮುಚ್ಚಿಹಾಕುವ ಬದಲು ಕೇಬಲ್ ಸರಿಮಾಡಿ.

ಎರಡು ಕೇಬಲ್‌ಗಳ ಭದ್ರತೆ ಬೇಕೆಂದು ಕೊರೋಸಿಂಕ್‌ಗೆ ಎರಡು ಲಿಂಕ್ ಕೊಟ್ಟವರು ಒಂದು ವಿಚಿತ್ರ ಗೋಡೆಗೆ ತಲೆ ಹೊಡೆಯುತ್ತಾರೆ. ಕ್ಲಸ್ಟರ್ ಚೆನ್ನಾಗಿ ಮೇಲೇಳುತ್ತದೆ, ಸರ್ವರ್‌ಗಳ ನಡುವೆ ಲಾಕ್ ಹಂಚುವ ಡಿಎಲ್‌ಎಂ ಮಾತ್ರ ಏಳುವುದಿಲ್ಲ. ಕರ್ನೆಲ್ ಲಾಗ್‌ನಲ್ಲಿ ‘ಟಿಸಿಪಿ ಪ್ರೊಟೊಕಾಲ್ ಕಾಂಟ್ ಹ್ಯಾಂಡಲ್ ಮಲ್ಟಿ-ಹೋಮ್ಡ್ ಹೋಸ್ಟ್ಸ್, ಟ್ರೈ ಎಸ್‌ಸಿಟಿಪಿ’ ಎಂದು ಬಿದ್ದಿರುತ್ತದೆ. ಎಸ್‌ಸಿಟಿಪಿ ಹಿಂದೆ ಹೋಗಬೇಡಿ. ಎರಡು ಕಾರ್ಡುಗಳನ್ನು ಆಕ್ಟಿವ್-ಬ್ಯಾಕಪ್ ಮೋಡ್‌ನಲ್ಲಿ ಬಾಂಡ್ ಮಾಡಿ, ಕೊರೋಸಿಂಕ್‌ಗೆ ಒಂದೇ ಲಿಂಕ್ ಆಗಿ ಕೊಡಿ.

ಐಸ್ಕಸಿಯಲ್ಲಿ ಮೊದಲು ನೋಡಬೇಕಾದದ್ದು ಇನಿಶಿಯೇಟರ್ ಹೆಸರು, ಅಂದರೆ ಪ್ರತಿ ಸರ್ವರ್ ಬಾಕ್ಸ್‌ಗೆ ತನ್ನನ್ನು ಪರಿಚಯಿಸಿಕೊಳ್ಳುವ ಹೆಸರು. ಒಂದು ಸರ್ವರ್ ಇನ್‌ಸ್ಟಾಲ್ ಮಾಡಿ ಅದರ ಡಿಸ್ಕ್ ಅನ್ನೇ ಉಳಿದೆರಡಕ್ಕೆ ಕ್ಲೋನ್ ಮಾಡಿದ್ದರೆ ಮೂರಕ್ಕೂ ಒಂದೇ ಹೆಸರು ಇರುತ್ತದೆ. ಆಗ ಒಂದು ಲಾಗಿನ್ ಆದರೆ ಇನ್ನೊಂದು ಹೊರಬೀಳುತ್ತದೆ, ಅದು ಮತ್ತೆ ಒಳಬಂದರೆ ಇದು ಹೊರಗೆ. ಲಾಗ್ ತುಂಬ ಮರುಸಂಪರ್ಕದ ಸಾಲುಗಳು, ಸ್ವಿಚ್ ಕೆಟ್ಟಿದೆ ಎಂದು ಎಲ್ಲರ ಅನುಮಾನ. ಇಟಿಸಿ ಐಸ್ಕಸಿ ಫೋಲ್ಡರ್‌ನ ಇನಿಶಿಯೇಟರ್‌ನೇಮ್ ಫೈಲ್‌ನಲ್ಲಿ ಮೂರಕ್ಕೂ ಬೇರೆ ಹೆಸರು ಕೊಟ್ಟು ಐಸ್ಕಸಿಡಿ ರೀಸ್ಟಾರ್ಟ್ ಮಾಡಿ. ಬಾಕ್ಸ್‌ನಲ್ಲಿ ಆ ಮೂರು ಹೆಸರುಗಳಿಗೆ ಮಾತ್ರ ಲನ್ ತೋರಿಸಿ. ಬಾಕ್ಸ್‌ಗೆ ಎರಡು ಪೋರ್ಟ್ ಇದ್ದು ಮಲ್ಟಿಪಾತ್ ಹಾಕುವಿರಾದರೆ, ಐಸ್ಕಸಿಯ ರಿಪ್ಲೇಸ್‌ಮೆಂಟ್ ಟೈಮ್‌ಔಟ್ ಡೀಫಾಲ್ಟ್ 120 ಸೆಕೆಂಡಿನಿಂದ 5ರಿಂದ 15ಕ್ಕೆ ಇಳಿಸಿ, ಇಲ್ಲದಿದ್ದರೆ ಒಂದು ದಾರಿ ಸತ್ತ ಮೇಲೂ ಎರಡು ನಿಮಿಷ ಅಲ್ಲೇ ಕಾಯುತ್ತದೆ. ಜಂಬೋ ಫ್ರೇಮ್ (ದೊಡ್ಡ ಗಾತ್ರದ ಪ್ಯಾಕೆಟ್) ಬಗ್ಗೆ ಒಂದೇ ಮಾತು: 9000 ಎಂದರೆ ಸರ್ವರ್, ಸ್ವಿಚ್, ಬಾಕ್ಸ್ ಎಲ್ಲ ಕಡೆ 9000, ಒಂದು ಕಡೆ ತಪ್ಪಿದರೆ ಪಿಂಗ್ ಹೋಗುತ್ತದೆ, ದೊಡ್ಡ ಫೈಲು ಹೋಗುವುದಿಲ್ಲ. 1500ರಲ್ಲೇ ಬಿಟ್ಟರೆ ನಿಮ್ಮ ಮಟ್ಟಿಗೆ ನಷ್ಟವೇನಿಲ್ಲ.

ಕಟ್ಟುವ ಕೆಲಸ

ಆಲ್ಮಾದಲ್ಲಿ ಹೈ-ಅವೈಲಬಿಲಿಟಿ ಮತ್ತು ರೆಸಿಲಿಯೆಂಟ್-ಸ್ಟೋರೇಜ್ ರೆಪೊಗಳು ಮೊದಲಿಗೆ ಆಫ್ ಇರುತ್ತವೆ, ಆನ್ ಮಾಡಿಕೊಳ್ಳಿ. ಮೂರರಲ್ಲೂ ಪಿಸಿಎಸ್, ಪೇಸ್‌ಮೇಕರ್, ಫೆನ್ಸ್-ಏಜೆಂಟ್ಸ್-ಆಲ್, ಎಲ್‌ವಿಎಂ2-ಲಾಕ್‌ಡಿ, ಡಿಎಲ್‌ಎಂ, ಜಿಎಫ್‌ಎಸ್2-ಯುಟಿಲ್ಸ್ ಹಾಕಿ. ಫೈರ್‌ವಾಲ್‌ನಲ್ಲಿ ‘ಹೈ-ಅವೈಲಬಿಲಿಟಿ’ ಎಂಬ ಸೇವೆ ಸೇರಿಸಿದರೆ ಪಿಸಿಎಸ್‌ಡಿಯ 2224, ಕೊರೋಸಿಂಕ್‌ನ ಯುಡಿಪಿ 5405, ಡಿಎಲ್‌ಎಂನ 21064 ಎಲ್ಲ ತೆರೆಯುತ್ತವೆ. 21064 ಮುಚ್ಚಿದ್ದರೆ ಕ್ಲಸ್ಟರ್ ಆರೋಗ್ಯವಾಗಿಯೇ ಕಾಣುತ್ತದೆ, ಎರಡನೇ ಸರ್ವರ್‌ನ ಮೌಂಟ್ ಮಾತ್ರ ಎಂದೂ ಮುಗಿಯುವುದಿಲ್ಲ. ಮೂರರ ಹೆಸರು-ವಿಳಾಸಗಳನ್ನು ಹೋಸ್ಟ್ಸ್ ಫೈಲಿನಲ್ಲೇ ಬರೆಯಿರಿ, ಡಿಎನ್‌ಎಸ್ ನೆಚ್ಚಬೇಡಿ. ಗಡಿಯಾರ ಸರಿಹೊಂದಿಸುವ ಕ್ರೋನಿ ಓಡುತ್ತಿರಲಿ. ಬಳಕೆದಾರರ ಯುಐಡಿ, ಜಿಐಡಿ ಮೂರರಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ ಒಬ್ಬ ವಿದ್ಯಾರ್ಥಿಯ ಫೈಲು ಇನ್ನೊಂದು ಸರ್ವರ್‌ನಲ್ಲಿ ಬೇರೊಬ್ಬನ ಸ್ವತ್ತಾಗಿ ಕಾಣುತ್ತದೆ.

ಸರ್ವರ್‌ಗಳಿಗೆ ದವನ1, ದವನ2, ದವನ3, ಕ್ಲಸ್ಟರ್‌ಗೆ ದವನ ಎಂದು ಹೆಸರಿಟ್ಟೆವು ಎನ್ನೋಣ. ಎಚ್‌ಎಕ್ಲಸ್ಟರ್ ಬಳಕೆದಾರನಿಗೆ ಮೂರರಲ್ಲೂ ಒಂದೇ ಪಾಸ್‌ವರ್ಡ್ ಕೊಟ್ಟು ಪಿಸಿಎಸ್‌ಡಿ ಶುರುಮಾಡಿ. ಒಂದರಿಂದ ಮಾತ್ರ ಪಿಸಿಎಸ್ ಹೋಸ್ಟ್ ಆಥ್, ನಂತರ ಪಿಸಿಎಸ್ ಕ್ಲಸ್ಟರ್ ಸೆಟಪ್, ನಂತರ ಸ್ಟಾರ್ಟ್. ಮೂರು ನೋಡ್ ಆದ್ದರಿಂದ ಬಹುಮತ ಎಂದರೆ 2. ಬಹುಮತ ತಪ್ಪಿದಾಗಿನ ನೀತಿಯನ್ನು, ಅಂದರೆ ‘ನೋ-ಕೋರಂ-ಪಾಲಿಸಿ’ಯನ್ನು ‘ಫ್ರೀಜ್’ ಮಾಡಿ. ಡೀಫಾಲ್ಟ್ ‘ಸ್ಟಾಪ್’ ಇಲ್ಲಿ ನಡೆಯುವುದಿಲ್ಲ: ಜಿಎಫ್‌ಎಸ್2 ಅನ್ನು ಅನ್‌ಮೌಂಟ್ ಮಾಡಲೂ ಬಹುಮತ ಬೇಕು, ಅದಿಲ್ಲದೆ ಸ್ಟಾಪ್ ಮಾಡಹೊರಟರೆ ಅದೇ ಸೋತು ಫೆನ್ಸಿಂಗ್‌ಗೆ ದಾರಿಯಾಗುತ್ತದೆ.

ಈ ಹಂತದಲ್ಲಿ ಫೆನ್ಸಿಂಗ್ ಜೋಡಿಸಿ, ಅಲ್ಲೇ ಪರೀಕ್ಷಿಸಿ. ಪಿಸಿಎಸ್ ಸ್ಟೋನಿತ್ ಫೆನ್ಸ್ ದವನ2 ಎಂದರೆ ದವನ2ರ ಫ್ಯಾನ್ ಸದ್ದು ನಿಂತು ಮತ್ತೆ ಗುಯ್ಗುಡಬೇಕು. ಪಕ್ಕದಲ್ಲೇ ನಿಂತು ಕಿವಿಯಾರೆ ಕೇಳಿ. ಮೂರಕ್ಕೂ ಆಗುವವರೆಗೆ ಮುಂದಿನ ಸಾಲಿಗೆ ಹೋಗಬೇಡಿ.

ಆಮೇಲೆ ಲಾಕ್‌ನ ಪದರ. ಡಿಎಲ್‌ಎಂಗೆ ‘ಕಂಟ್ರೋಲ್‌ಡಿ’ ಎಂಬ ರಿಸೋರ್ಸ್, ಅದರ ಮೇಲೆ ‘ಎಲ್‌ವಿಎಂಲಾಕ್‌ಡಿ’. ಎರಡನ್ನೂ ಒಂದೇ ಗುಂಪಿಗೆ ಹಾಕಿ, ಗುಂಪನ್ನು ಕ್ಲೋನ್ ಮಾಡಿ, ಇಂಟರ್‌ಲೀವ್ ಟ್ರೂ. ಮಾನಿಟರ್ 30 ಸೆಕೆಂಡಿಗೊಮ್ಮೆ, ಸೋತರೆ ಫೆನ್ಸ್. ಡಿಸ್ಕ್ ಭಾಗ ಮಾಡುವ ಎಲ್‌ವಿಎಂನ ಕಾನ್ಫಿಗ್‌ನಲ್ಲಿ ‘ಯೂಸ್-ಎಲ್‌ವಿಎಂಲಾಕ್‌ಡಿ’ ಮೂರರಲ್ಲೂ 1.

ದವನ1ರಲ್ಲಿ ವಿಜಿಕ್ರಿಯೇಟ್‌ಗೆ ‘ಶೇರ್ಡ್’ ಆಯ್ಕೆ ಕೊಟ್ಟು ವಾಲ್ಯೂಮ್ ಗ್ರೂಪ್ ಮಾಡಿ. ಉಳಿದೆರಡರಲ್ಲಿ ಆ ಗ್ರೂಪ್ ಕಾಣಿಸದೆ ನೀವು ತಬ್ಬಿಬ್ಬಾಗುವ ಜಾಗ ಇದು. ಆವೃತ್ತಿ 9ರಲ್ಲಿ ಎಲ್‌ವಿಎಂ ತನ್ನ ಡಿವೈಸಸ್ ಫೈಲಿನಲ್ಲಿ ಇರುವ ಡಿಸ್ಕ್‌ಗಳನ್ನು ಮಾತ್ರ ನೋಡುತ್ತದೆ. ದವನ2, ದವನ3ರಲ್ಲಿ ಎಲ್‌ವಿಎಂಡಿವೈಸಸ್ ಆಜ್ಞೆಗೆ ‘ಆಡ್‌ಡೆವ್’ ಕೊಟ್ಟು ಲನ್ ಸೇರಿಸಿ, ಬಳಿಕ ವಿಜಿಚೇಂಜ್‌ಗೆ ‘ಲಾಕ್‌ಸ್ಟಾರ್ಟ್’. ಈಗ ಲಾಜಿಕಲ್ ವಾಲ್ಯೂಮ್ ಮಾಡಿ, ಆಕ್ಟಿವೇಶನ್‌ಗೆ ‘ಎಸ್‌ವೈ’, ಅಂದರೆ ಹಂಚಿಕೆಯ ರೀತಿಯಲ್ಲಿ.

ಫಾರ್ಮ್ಯಾಟ್ ಆಜ್ಞೆಯಲ್ಲಿ ಮೂರು ಸಂಗತಿ: ಲಾಕ್ ವಿಧಾನ ‘ಲಾಕ್-ಡಿಎಲ್‌ಎಂ’, ಹೆಸರು ‘ದವನ:ಮನೆ’ ಎಂಬಂತೆ ಕ್ಲಸ್ಟರ್ ಹೆಸರು ಕೋಲನ್ ಫೈಲ್ ಸಿಸ್ಟಂ ಹೆಸರು, ಮತ್ತು ಜರ್ನಲ್‌ಗಳ (ಬದಲಾವಣೆಯನ್ನು ಮೊದಲು ಬರೆದಿಡುವ ದಾಖಲೆಗಳ) ಸಂಖ್ಯೆ. ಮೌಂಟ್ ಮಾಡುವ ಪ್ರತಿ ಸರ್ವರ್‌ಗೂ ತನ್ನದೇ ಜರ್ನಲ್ ಬೇಕು. ಮೂರು ಸರ್ವರ್ ಎಂದು ಮೂರನ್ನೇ ಕೊಡಬೇಡಿ, ಐದು ಕೊಡಿ. ಒಂದೊಂದಕ್ಕೆ ಹೋಗುವ ಜಾಗ 10 ಟಿಬಿಯಲ್ಲಿ ಲೆಕ್ಕಕ್ಕೇ ಇಲ್ಲ. ಮುಂದೆ ಬೇಕಾದರೆ ಜಿಎಫ್‌ಎಸ್2-ಜೆಆಡ್‌ನಿಂದ ಸೇರಿಸಲೂಬಹುದು. ಗಾತ್ರ ಹಿಗ್ಗಿಸಬಹುದು, ಕುಗ್ಗಿಸಲು ಬರುವುದಿಲ್ಲ. ಆದ್ದರಿಂದ 10 ಟಿಬಿ ಪೂರ್ತಿ ಒಂದಕ್ಕೇ ಸುರಿಯದೆ 4 ಟಿಬಿಯಿಂದ ಶುರುಮಾಡಿ. ಫೈಲ್ ಸಿಸ್ಟಂ ಹಾಳಾಗಿ ಎಫ್‌ಎಸ್‌ಸಿಕೆ ಬೇಕಾದಾಗ ಮೂರೂ ಕಡೆ ಅನ್‌ಮೌಂಟ್ ಮಾಡಿ ಕಾಯಬೇಕು. ಚಿಕ್ಕದಾದಷ್ಟೂ ಕಾಯುವ ಹೊತ್ತು ಕಡಿಮೆ.

ಕ್ಲಸ್ಟರ್ ಹೆಸರನ್ನು ಮುಂದೆಂದೋ ಬದಲಿಸಿದರೆ ಮೌಂಟ್ ನಿರಾಕರಣೆಯಾಗುತ್ತದೆ. ಟ್ಯೂನ್‌ಜಿಎಫ್‌ಎಸ್2ನಲ್ಲಿ ‘ಲಾಕ್‌ಟೇಬಲ್’ ಬದಲಿಸಿದರೆ ಸರಿಯಾಗುತ್ತದೆ, ಮತ್ತೆ ಫಾರ್ಮ್ಯಾಟ್ ಮಾಡುವ ಅಗತ್ಯವಿಲ್ಲ.

ಮೌಂಟ್ ಕೆಲಸವನ್ನು ಎಫ್‌ಎಸ್‌ಟ್ಯಾಬ್‌ಗೆ ಕೊಡಬೇಡಿ, ಪೇಸ್‌ಮೇಕರ್‌ಗೇ ಕೊಡಿ. ಮೊದಲು ಲಾಕ್ ಗುಂಪು, ನಂತರ ಎಲ್‌ವಿಎಂ ಆಕ್ಟಿವೇಟ್, ನಂತರ ಫೈಲ್ ಸಿಸ್ಟಂ: ಈ ಅನುಕ್ರಮವನ್ನು ಆರ್ಡರ್ ಮತ್ತು ಕೊಲೊಕೇಶನ್ ನಿಯಮಗಳಲ್ಲಿ ಬರೆಯಬೇಕು. ಮೌಂಟ್ ಆಯ್ಕೆ ‘ನೋಎಟೈಮ್’. ಅದಿಲ್ಲದಿದ್ದರೆ ಬರೀ ಓದಿದರೂ ಸಮಯ ಬರೆಯಲು ಲಾಕ್ ಬೇಕಾಗುತ್ತದೆ.

ಕ್ಲಸ್ಟರ್ ಬೂಟ್ ಜೊತೆ ತಾನಾಗಿ ಏಳುವ ‘ಎನೇಬಲ್’ ಅನ್ನು ಮೊದಲ ಒಂದು ತಿಂಗಳು ಕೊಡಬೇಡಿ. ಫೆನ್ಸ್ ಆದ ಸರ್ವರ್ ಯಾಕೆ ಆಯಿತೆಂದು ಲಾಗ್ ಓದಿ ನೀವೇ ಒಳಗೆ ಬಿಡಿ. ಇಲ್ಲದಿದ್ದರೆ ಕೆಟ್ಟ ಕೇಬಲ್‌ನ ಸರ್ವರ್ ಎದ್ದು, ಸೇರಿ, ಹೊಡೆತ ತಿಂದು, ಮತ್ತೆ ಏಳುತ್ತ ರಾತ್ರಿಯಿಡೀ ಸುತ್ತುತ್ತದೆ.

ಕೆಲಸ ಶುರುವಾದ ಮೇಲೆ

‘ನಿಧಾನ’ ಎಂಬ ದೂರು ಬಂದೇ ಬರುತ್ತದೆ. ಜಿಎಫ್‌ಎಸ್2ನಲ್ಲಿ ಪ್ರತಿ ಫೈಲಿಗೂ ಪ್ರತಿ ಫೋಲ್ಡರ್‌ಗೂ ಒಂದು ಲಾಕ್. ದವನ1 ಬಳಸಿದ ಫೋಲ್ಡರ್‌ನಲ್ಲಿ ದವನ2 ಬರೆಯಹೊರಟರೆ, ದವನ1 ತನ್ನ ಬದಲಾವಣೆ ಡಿಸ್ಕ್‌ಗೆ ಇಳಿಸಿ, ಲಾಕ್ ಬಿಟ್ಟುಕೊಟ್ಟು, ಕ್ಯಾಶ್ ಚೆಲ್ಲಬೇಕು. ಎರಡೂ ಒಂದೇ ಫೋಲ್ಡರ್‌ಗೆ ಎಡೆಬಿಡದೆ ಬರೆದರೆ ಲಾಕ್ ಚೆಂಡಿನಂತೆ ಅತ್ತಿತ್ತ ಹಾರುತ್ತದೆ, ಕೆಲಸ ನಿಲ್ಲುತ್ತದೆ. ಆದ್ದರಿಂದ ಒಬ್ಬ ವಿದ್ಯಾರ್ಥಿ ಆದಷ್ಟೂ ಒಂದೇ ಸರ್ವರ್‌ಗೆ ಲಾಗಿನ್ ಆಗುವಂತೆ ಹಂಚಿ. ವೆಬ್ ಲಾಗ್, ಪಿಎಚ್‌ಪಿ ಸೆಷನ್, ಟೆಂಪ್ ಫೈಲು ಯಾವುದೂ ಹಂಚಿಕೆಯ ಡಿಸ್ಕ್‌ಗೆ ಬೇಡ. ಮೂಡಲ್‌ನಲ್ಲಿ ಮೂಡಲ್‌ಡೇಟಾ ಫೋಲ್ಡರ್ ಹಂಚಿಕೆಯದ್ದಾಗಲೇಬೇಕು, ಆದರೆ ಕಾನ್ಫಿಗ್‌ನ ‘ಲೋಕಲ್‌ಕ್ಯಾಶ್‌ಡಿರ್’ ಅನ್ನು ಪ್ರತಿ ಸರ್ವರ್‌ನ ಸ್ವಂತ ಡಿಸ್ಕ್‌ಗೆ ತೋರಿಸಿ, ಸೆಷನ್‌ಗಳನ್ನು ರೆಡಿಸ್‌ಗೆ ಹಾಕಿ. ಈ ಎರಡು ಬದಲಾವಣೆಗಳ ಫಲ ಕಣ್ಣಿಗೆ ಕಾಣುವಷ್ಟಿರುತ್ತದೆ.

ಡೇಟಾಬೇಸ್ ಫೋಲ್ಡರ್ ಅನ್ನು ಅಲ್ಲಿಟ್ಟು ಮೂರೂ ಕಡೆ ಮರಿಯಾಡಿಬಿ ಶುರುಮಾಡುವ ಆಸೆ ಬೇಡ. ಫೈಲ್ ಸಿಸ್ಟಂ ಕ್ಲಸ್ಟರ್ ಆದಮಾತ್ರಕ್ಕೆ ಡೇಟಾಬೇಸ್ ಕ್ಲಸ್ಟರ್ ಆಗುವುದಿಲ್ಲ. ಅದಕ್ಕೆ ಗಲೇರಾ ಅಥವಾ ರೆಪ್ಲಿಕೇಶನ್ ಬೇರೆಯೇ ಇದೆ.

ಡಿಸ್ಕ್ 85 ಶೇಕಡಾ ದಾಟದಂತೆ ನೋಡಿಕೊಳ್ಳಿ, ಅದರಾಚೆ ಖಾಲಿ ಜಾಗ ಹುಡುಕುವುದೇ ಭಾರವಾಗುತ್ತದೆ. ಬ್ಯಾಕಪ್ ಒಂದೇ ಸರ್ವರ್‌ನಿಂದ ಎಲ್ಲ ಫೈಲು ಓದಿದರೆ ಲಕ್ಷಾಂತರ ಲಾಕ್‌ಗಳು ಅದರ ಕೈಸೇರಿ, ಬೆಳಿಗ್ಗೆ ಉಳಿದವು ಅವನ್ನು ಒಂದೊಂದಾಗಿ ಕೇಳಿ ಪಡೆಯಬೇಕು. ಪ್ರತಿ ಸರ್ವರ್ ತಾನು ಬಳಸುವ ಫೋಲ್ಡರ್‌ಗಳನ್ನು ತಾನೇ ಬ್ಯಾಕಪ್ ಮಾಡಲಿ. ಹಾಗಾಗದಿದ್ದರೆ ಬ್ಯಾಕಪ್ ಮುಗಿದ ಮೇಲೆ ಆ ಸರ್ವರ್‌ನಲ್ಲಿ ಡ್ರಾಪ್-ಕ್ಯಾಶಸ್‌ಗೆ 3 ಬರೆಯಿರಿ. ಬ್ಯಾಕಪ್ ಬೇರೊಂದು ಪೆಟ್ಟಿಗೆಗೇ ಹೋಗಬೇಕು ಎಂಬುದನ್ನು ಹೇಳಬೇಕಿಲ್ಲ: ಮೂರು ಸರ್ವರ್ ಇದ್ದರೂ ಸ್ಟೋರೇಜ್ ಬಾಕ್ಸ್ ಒಂದೇ, ರೇಡ್ 6 ಇದ್ದರೂ ಅದು ಬ್ಯಾಕಪ್ ಅಲ್ಲ.

ಕರೆಂಟ್ ವಿಷಯ. ಸರ್ವರ್, ಸ್ಟೋರೇಜ್ ಎರಡನ್ನೂ ಯುಪಿಎಸ್‌ಗೆ ಹಾಕಿ ಸ್ವಿಚ್ ಅನ್ನು ಗೋಡೆಯ ಪ್ಲಗ್‌ಗೇ ಬಿಡುವುದು ಸಾಮಾನ್ಯ ತಪ್ಪು. ಸ್ವಿಚ್ ಸತ್ತ ಕೂಡಲೇ ಮೂರೂ ಸರ್ವರ್‌ಗಳು ಒಂಟಿ, ಯಾರಿಗೂ ಬಹುಮತವಿಲ್ಲ, ಬಹುಮತವಿಲ್ಲದೆ ಯಾರೂ ಯಾರನ್ನೂ ಫೆನ್ಸ್ ಮಾಡುವಂತಿಲ್ಲ. ಎಲ್ಲ ಸ್ತಬ್ಧ. ಸ್ವಿಚ್ ಮರಳಿದ ಮೇಲೂ ಲಾಕ್ ವ್ಯವಸ್ಥೆ ತಾನಾಗಿ ಕೂಡಿಕೊಳ್ಳದೆ ಸರ್ವರ್‌ಗಳ ರೀಬೂಟ್ ಬೇಕಾಗಬಹುದು. ಯುಪಿಎಸ್ ಬ್ಯಾಟರಿ ಮುಗಿಯುವ ಮುನ್ನ ಮೊದಲು ಕ್ಲಸ್ಟರ್ ನಿಲ್ಲಿಸಿ ಸರ್ವರ್‌ಗಳು ಆಫ್ ಆಗಲಿ, ಕೊನೆಗೆ ಸ್ಟೋರೇಜ್. ನಟ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಏಳುವಾಗ ಉಲ್ಟಾ: ಸ್ವಿಚ್, ಸ್ಟೋರೇಜ್, ನಂತರ ಸರ್ವರ್. ಬಾಕ್ಸ್ ಪೂರ್ತಿ ಏಳಲು ಕೆಲವು ನಿಮಿಷ ಬೇಕು. ಕರೆಂಟ್ ಬಂದ ಕ್ಷಣ ಮೂರೂ ಸರ್ವರ್ ಎದ್ದರೆ ಲನ್ ಸಿಗದೆ ರಿಸೋರ್ಸ್‌ಗಳು ಸೋತು ಕೂರುತ್ತವೆ. ಬಯಾಸ್‌ನಲ್ಲಿ ಎಸಿ ಪವರ್ ರಿಕವರಿಗೆ ವಿಳಂಬ ಕೊಡಿ, ಇಲ್ಲವೇ ಆಫ್ ಆಗಿಯೇ ಇರುವಂತೆ ಬಿಡಿ.

ಬಜೆಟ್ ಸಾಲದೆ ಎರಡೇ ಸರ್ವರ್‌ಗೆ ಇಳಿಯಬೇಕಾದರೆ, ಕೇಬಲ್ ಕಿತ್ತಾಗ ಇಬ್ಬರೂ ಒಬ್ಬರನ್ನೊಬ್ಬರು ಹೊಡೆದುರುಳಿಸುವ ಅಪಾಯವಿದೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಒಂದರ ಫೆನ್ಸ್ ಏಜೆಂಟ್‌ಗೆ ಕೆಲವು ಸೆಕೆಂಡಿನ ವಿಳಂಬ ಕೊಟ್ಟರೆ ತಪ್ಪುತ್ತದೆ. ಲ್ಯಾಬಿನ ಹಳೆಯ ಡೆಸ್ಕ್‌ಟಾಪ್ ಒಂದನ್ನು ಕ್ಯೂನೆಟ್‌ಡಿ ಆಗಿ, ಅಂದರೆ ಮತ ಹಾಕಲು ಮಾತ್ರ ಕೂರಿಸಿದರೆ ಇನ್ನೂ ಒಳ್ಳೆಯದು. ಅದಕ್ಕೆ ಡಿಸ್ಕ್ ಹಂಚಿಕೆ ಬೇಕಿಲ್ಲ, ಪೋರ್ಟ್ 5403 ತೆರೆದಿದ್ದರೆ ಸಾಕು.

ವಿದ್ಯಾರ್ಥಿಗಳ ಡೇಟಾ ಹಾಕುವ ಮುನ್ನ ಒಂದು ಶನಿವಾರ ಮಧ್ಯಾಹ್ನ ಪರೀಕ್ಷೆಗೆ ಇಡಿ. ದವನ1ರಲ್ಲಿ ಒಂದು ಫೈಲಿಗೆ ಸೆಕೆಂಡಿಗೊಮ್ಮೆ ಸಮಯ ಬರೆಯುವ ಪುಟ್ಟ ಸ್ಕ್ರಿಪ್ಟ್ ಓಡಿಸಿ, ದವನ3ರಲ್ಲಿ ಅದೇ ಫೈಲನ್ನು ಓದುತ್ತ ಕೂರಿ. ದವನ2ರ ಕ್ಲಸ್ಟರ್ ಕೇಬಲ್ ಕೀಳಿ: ಓದು ಕೆಲವು ಸೆಕೆಂಡು ನಿಂತು, ದವನ2 ರೀಬೂಟ್ ಆಗಿ, ಓದು ಮುಂದುವರಿಯಬೇಕು. ಎರಡನೆಯದು, ದವನ2ರ ಪವರ್ ಕೇಬಲ್ ಎರಡನ್ನೂ ಕೀಳಿ: ಐಪಿಎಂಐ ಸೋತು ಸ್ಕಸಿ ಬೇಲಿ ಕೆಲಸ ಮಾಡಿದ್ದು ಲಾಗ್‌ನಲ್ಲಿ ಕಾಣಬೇಕು. ಮೂರನೆಯದು, ಸಿಸ್‌ಆರ್‌ಕ್ಯೂ ಟ್ರಿಗರ್‌ಗೆ ‘ಸಿ’ ಬರೆದು ಕರ್ನೆಲ್ ಅನ್ನೇ ಕೆಡವಿ. ಕೊನೆಗೆ ಸ್ವಿಚ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಿ, ಎಷ್ಟು ಕೈಕೆಲಸ ಬೇಕಾಯಿತೆಂದು ಬರೆದು ರ್‍ಯಾಕ್‌ನ ಬಾಗಿಲಿಗೆ ಅಂಟಿಸಿ. ನಾಲ್ಕರಲ್ಲಿ ಒಂದಾದರೂ ಸೋತರೆ ಜಿಎಫ್‌ಎಸ್2 ಬದಿಗಿಟ್ಟು ಎನ್‌ಎಫ್‌ಎಸ್ ಹಾಕಿಕೊಳ್ಳಿ. ಈಗ ಜೋಡಿಸಿರುವ ಪೇಸ್‌ಮೇಕರ್, ಫೆನ್ಸಿಂಗ್ ಎರಡೂ ಅದಕ್ಕೂ ಬೇಕಾದವೇ.